ಹೆಪ್ಪುಗಟ್ಟಬಾರದ ಕಡೆ ಹೆಪ್ಪು: ಕುಡುಗೋಲು ಕಣದ ಕಾಯಿಲೆಯ ಬಗ್ಗೆ ನಾಲ್ಕು ಮಾತು

ಈ ದೇಶಕ್ಕೆ ಬಂದ ಹೊಸದರಲ್ಲಿ ನಮ್ಮ ಮನೆಗಳಿಗೆಲ್ಲ ಎದುರಾದ ಮೊದಲ ವೈಜ್ಞಾನಿಕ ಸಮಸ್ಯೆ ಯಾವುದೆಂದರೆ, ಚಳಿಗಾಲದಲ್ಲಿ ಹಾಲು ಹೆಪ್ಪುಗಟ್ಟದಿರುವುದು. ಪಾತ್ರೆಗೆ ಟವಲು ಸುತ್ತಿ, ಓವನ್ನಿನೊಳಗೆ ದೀಪ ಹಚ್ಚಿಟ್ಟು, ದೇವರ ಮೇಲೆ ಭಾರ ಹಾಕಿ ಮಲಗಿದರೂ ಬೆಳಗ್ಗೆ ಹಾಲು ಹಾಲಾಗಿಯೇ ಇರುತ್ತಿತ್ತು. ಈ ಸಂಚಿಕೆಗೆ ನಾವು ಬರೆಯ ಹೊರಟಿರುವುದು ಇದಕ್ಕೆ ತೀರ ವಿರುದ್ಧವಾದ ತೊಂದರೆಯ ಬಗ್ಗೆ. ಹೆಪ್ಪುಗಟ್ಟಬಾರದ ಕಡೆ, ಹೆಪ್ಪುಗಟ್ಟಬಾರದ ಹೊತ್ತಿನಲ್ಲಿ ಹೆಪ್ಪುಗಟ್ಟುವ ರಕ್ತದ ವಿಷಯ ಇದು.

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ನಾವು ಡಾಕ್ಟರು ಹೌದು, ವೈದ್ಯರಲ್ಲ. ಕೂಟದ ಊಟದ ಸಾಲಿನಲ್ಲಿ ಮಂಡಿನೋವಿಗೆ ಮದ್ದು ಕೇಳುವ ಹಿರಿಯರಿಗೆ ಇದನ್ನು ಎಷ್ಟೋ ಸಲ ಹೇಳಿ ಅವರ ನಿರಾಶೆಗೆ ಕಾರಣರಾಗಿದ್ದೇವೆ. ನಮ್ಮದು ರಸಾಯನಶಾಸ್ತ್ರ, ಪ್ರೋಟೀನುಗಳ ಸಹವಾಸದಲ್ಲಿ ದಿನ ಕಳೆಯುವ ಉದ್ಯೋಗ. ಇಲ್ಲಿ ಬರೆದಿರುವುದು ತಿಳಿವಳಿಕೆಗಾಗಿ. ಚಿಕಿತ್ಸೆಯ ಮಾತನ್ನು ನಿಮ್ಮ ವೈದ್ಯರ ಬಳಿಯೇ ಆಡಬೇಕು.

ಕಳೆದ ದೀಪಾವಳಿಯ ದಿನ ರಕ್ತದಾನದ ಮಾತು ಬಂದಾಗ ಮಿತ್ರರೊಬ್ಬರು, "ಸಿಕಲ್ ಸೆಲ್ ಅಂದರೆ ಕರಿಯರ ಕಾಯಿಲೆಯಲ್ಲವೇ? ನಮ್ಮವರಿಗೇಕೆ ಅದರ ಗೊಡವೆ?" ಎಂದರು. ನಮಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಎರಡು ವರ್ಷದ ಹಿಂದೆ ನಾವೂ ಹಾಗೆಯೇ ತಿಳಿದಿದ್ದೆವು. ನಮ್ಮನ್ನು ತಿದ್ದಿದವರು ನಮ್ಮ ಪ್ರಯೋಗಶಾಲೆಯ ಸಹೋದ್ಯೋಗಿ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ. ಹೆಸರು ಮಾತ್ರ ಬೇಡವೆಂದಿದ್ದಾರೆ.

ಆಕೆ ಆಫ್ರಿಕನ್ ಮೂಲದ ಅಮೆರಿಕನ್ ಮಹಿಳೆ, ವಯಸ್ಸು ಮೂವತ್ತರ ಆಚೆ ಈಚೆ. ಹುಟ್ಟಿನಿಂದಲೂ ಈ ಕಾಯಿಲೆ ಇದೆ. ವರ್ಷಕ್ಕೆ ಎರಡು ಮೂರು ಸಲ ಮೂಳೆಮೂಳೆಯಲ್ಲಿ ಅಸಾಧ್ಯ ನೋವು ಬಂದು ಆಸ್ಪತ್ರೆ ಸೇರುತ್ತಾರೆ. ನಾಲ್ಕಾರು ದಿನಕ್ಕೆ ಹಿಂದಿರುಗಿ, ಏನೂ ಆಗದವರಂತೆ ಪಿಪೆಟ್ ಹಿಡಿದು ನಿಲ್ಲುತ್ತಾರೆ. ಅಂಥದೇ ಒಂದು ಸಲ ಆಸ್ಪತ್ರೆಯಿಂದ ಬಂದ ಮರುವಾರ, ಸೋಮವಾರ ಬೆಳಗ್ಗೆ, ಎಡಗಾಲಿನ ಮೀನಖಂಡ ಬಿಗಿದುಕೊಂಡಿದೆ ಎಂದರು. "ನಿಮ್ಮ ಎಂದಿನ ನೋವೇ ಇರಬೇಕು. ಚೆನ್ನಾಗಿ ನೀರು ಕುಡಿದು ವಿಶ್ರಾಂತಿ ತೆಗೆದುಕೊಳ್ಳಿ" ಎಂದು ನಾವು ಉಪದೇಶ ಮಾಡಿದೆವು. ಸಂಜೆ ತುರ್ತು ಚಿಕಿತ್ಸಾ ವಿಭಾಗದಲ್ಲೂ ಹೆಚ್ಚುಕಡಿಮೆ ಇದೇ ಮಾತು. ನೋವಿಗೆ ಮದ್ದು ಕೊಟ್ಟು ಕಳಿಸಿದರು. ಬುಧವಾರ ಮೆಟ್ಟಿಲು ಹತ್ತುವಾಗ ಏದುಸಿರು ಬಂತು. ಉಸಿರೆಳೆದರೆ ಎದೆಯಲ್ಲಿ ಚುಚ್ಚಿದಂತೆ ನೋವು. ಈ ಬಾರಿ ಬೇರೊಂದು ಆಸ್ಪತ್ರೆಯ ಕಿರಿಯ ವೈದ್ಯೆಯೊಬ್ಬರು ಎರಡೂ ಮೀನಖಂಡಗಳಿಗೆ ಟೇಪು ಸುತ್ತಿ ಅಳೆದರು. ಎಡಗಾಲು ದಪ್ಪವಾಗಿತ್ತು. ಕೂಡಲೇ ಶ್ವಾಸಕೋಶದ ಸಿ.ಟಿ. ಸ್ಕ್ಯಾನ್ ಮಾಡಿಸಿದರು. ಕಾಲಿನ ಅಭಿಧಮನಿಯಲ್ಲಿ ಹುಟ್ಟಿದ ರಕ್ತದ ಗರಣೆ ತುಂಡಾಗಿ ಹರಿದು ಬಂದು ಶ್ವಾಸಕೋಶದಲ್ಲಿ ಕೂತಿತ್ತು. ಸಹೋದ್ಯೋಗಿ ಬದುಕಿದರು. ಎರಡು ದಿನ ತಡವಾಗಿದ್ದಕ್ಕೆ ನಮ್ಮ ಉಪದೇಶವೂ ಒಂದು ಕಾರಣ ಎಂಬುದು ಮಾತ್ರ ನಮ್ಮ ಮನಸ್ಸಿನಲ್ಲಿ ಉಳಿದಿದೆ.

ಅಂದಿನಿಂದ ಈ ವಿಷಯವನ್ನು ಓದತೊಡಗಿದೆವು. ಓದಿದ್ದನ್ನು ನಿಮ್ಮೆದುರು ಇಡುತ್ತೇವೆ.

ಕಾಯಿಲೆಯ ಕಥೆ ಷಿಕಾಗೋ ನಗರದಿಂದಲೇ ಶುರುವಾಗುತ್ತದೆ. ೧೯೦೪ರ ಕೊನೆಯಲ್ಲಿ ವಾಲ್ಟರ್ ಕ್ಲೆಮೆಂಟ್ ನೋಯೆಲ್ ಎಂಬ ತರುಣ ಅಲ್ಲಿನ ಆಸ್ಪತ್ರೆಯೊಂದಕ್ಕೆ ಬಂದ. ವೆಸ್ಟ್ ಇಂಡೀಸಿನ ಗ್ರೆನಡಾ ದ್ವೀಪದವನು. ದಂತವೈದ್ಯ ಓದಲು ನಮ್ಮ ಹಾಗೆಯೇ ಕಡಲು ದಾಟಿ ಬಂದಿದ್ದ. ಅವನ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದ ಕಿರಿಯ ವೈದ್ಯ ಅರ್ನೆಸ್ಟ್ ಐರನ್ಸ್‌ಗೆ, ದುಂಡಗಿರಬೇಕಾದ ಕೆಂಪು ಕಣಗಳ ನಡುವೆ ಉದ್ದವಾಗಿ ಬಾಗಿದ ಕಣಗಳು ಕಂಡವು. ಹಿರಿಯ ವೈದ್ಯ ಜೇಮ್ಸ್ ಹೆರಿಕ್ ೧೯೧೦ರಲ್ಲಿ ಇದನ್ನು ಬರೆದು ಪ್ರಕಟಿಸಿದರು. ಬಾಗಿದ ಕಣಗಳು ಕುಡುಗೋಲಿನಂತೆ ಕಂಡದ್ದರಿಂದ ಕಾಯಿಲೆಗೆ ಆ ಹೆಸರು ಬಂತು. ನೋಯೆಲ್ ಓದು ಮುಗಿಸಿ, ಊರಿಗೆ ಮರಳಿ, ದಂತವೈದ್ಯನಾಗಿ ಕೆಲಸ ಮಾಡಿ ೧೯೧೬ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ.

ಮುಂದಿನ ಕಥೆ ನಮ್ಮಂಥ ರಸಾಯನದವರಿಗೆ ಹೆಮ್ಮೆ ತರುವಂಥದು. ೧೯೪೯ರಲ್ಲಿ ಲೈನಸ್ ಪೌಲಿಂಗ್ ಮತ್ತು ಅವರ ಸಂಗಡಿಗರು, ಈ ರೋಗಿಗಳ ಹೀಮೋಗ್ಲೋಬಿನ್ ವಿದ್ಯುತ್ ಕ್ಷೇತ್ರದಲ್ಲಿ ಬೇರೆ ವೇಗದಲ್ಲಿ ಚಲಿಸುವುದನ್ನು ತೋರಿಸಿ, ಇದು ಅಣುವಿನ ಕಾಯಿಲೆ ಎಂದು ಸಾರಿದರು. ಕಾಯಿಲೆಯೊಂದರ ಬೇರನ್ನು ಅಣುವಿನಲ್ಲಿ ಹುಡುಕಿದ್ದು ಅದೇ ಮೊದಲು. ೧೯೫೬ರಲ್ಲಿ ಕೇಂಬ್ರಿಡ್ಜಿನ ವೆರ್ನನ್ ಇಂಗ್ರಾಂ ತಪ್ಪು ಎಲ್ಲಿದೆ ಎಂಬುದರ ಬೆನ್ನು ಹತ್ತಿದರು. ಹೀಮೋಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿ ೧೪೬ ಅಮೈನೋ ಆಮ್ಲಗಳಿವೆ. ಅದರಲ್ಲಿ ೬ನೆಯದು ಗ್ಲುಟಾಮಿಕ್ ಆಮ್ಲ ಇರಬೇಕಾದ ಕಡೆ ವ್ಯಾಲೀನ್ ಕೂತಿದೆ. ತಪ್ಪು ಇಷ್ಟೇ! ಪುಸ್ತಕದಲ್ಲಿ ಒಂದಕ್ಷರ ತಪ್ಪಾದರೆ ಓದುಗರು ಕ್ಷಮಿಸುತ್ತಾರೆ, ಪ್ರಕೃತಿ ಕ್ಷಮಿಸುವುದಿಲ್ಲ.

ಗ್ಲುಟಾಮಿಕ್ ಆಮ್ಲಕ್ಕೆ ನೀರಿನ ಮೇಲೆ ಪ್ರೀತಿ. ವ್ಯಾಲೀನ್ ಎಣ್ಣೆಯ ಜಾತಿಯದು. ನೀರನ್ನು ಕಂಡರೆ ಅಡಗಲು ಜಾಗ ಹುಡುಕುತ್ತದೆ. ಹೀಮೋಗ್ಲೋಬಿನ್ ಆಮ್ಲಜನಕವನ್ನು ಬಿಟ್ಟುಕೊಟ್ಟಾಗ ಪಕ್ಕದ ಅಣುವಿನಲ್ಲಿ ಅದಕ್ಕೆ ಸರಿಯಾದ ಒಂದು ಗೂಡು ಸಿಗುತ್ತದೆ. ಒಂದಕ್ಕೊಂದು ಅಂಟಿಕೊಂಡು ಉದ್ದನೆಯ ನಾರುಗಳಾಗಿ ಕಣವನ್ನೇ ಬಾಗಿಸುತ್ತವೆ. ಮೆತ್ತಗೆ ಮಡಿಚಿಕೊಂಡು ಸಣ್ಣ ನಾಳಗಳಲ್ಲಿ ನುಸುಳಬೇಕಾದ ಕಣ ಸೆಟೆದು ನಿಲ್ಲುತ್ತದೆ. ಆರೋಗ್ಯವಂತರ ಕೆಂಪು ಕಣ ಸುಮಾರು ೧೨೦ ದಿನ ಬಾಳಿದರೆ ಈ ಕಣ ೧೦ರಿಂದ ೨೦ ದಿನದಲ್ಲಿ ಒಡೆಯುತ್ತದೆ. ತಂದೆ ತಾಯಿ ಇಬ್ಬರಿಂದಲೂ ತಪ್ಪು ಜೀನ್ ಬಂದವರಿಗೆ ಕಾಯಿಲೆ. ಒಬ್ಬರಿಂದ ಮಾತ್ರ ಬಂದವರು ವಾಹಕರು, ಬಹುಮಟ್ಟಿಗೆ ಆರೋಗ್ಯವಂತರು.

ಇಲ್ಲಿ ಒಂದು ವ್ಯತ್ಯಾಸವನ್ನು ತಿಳಿಯಬೇಕು. ಸೆಟೆದ ಕಣಗಳು ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ನೋವು ತರುವುದು ಒಂದು ಬಗೆ. ಇದು ಸಂತೆಯ ದಿನ ಓಣಿಯಲ್ಲಿ ಎತ್ತಿನ ಗಾಡಿಗಳು ಅಡ್ಡಡ್ಡ ಸಿಕ್ಕಿಕೊಂಡ ಹಾಗೆ. ರಕ್ತ ಹೆಪ್ಪುಗಟ್ಟಿ ಗರಣೆಯಾಗುವುದು ಇನ್ನೊಂದು ಬಗೆ. ಇದು ಅದೇ ಓಣಿಗೆ ಗಾರೆ ಹಾಕಿ ಗೋಡೆ ಕಟ್ಟಿದ ಹಾಗೆ. ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳೇ ಆ ಗಾರೆ. ಬಹಳ ಕಾಲ ವೈದ್ಯರ ಗಮನವೆಲ್ಲ ಮೊದಲನೆಯದರ ಮೇಲೆಯೇ ಇತ್ತು. ಎರಡನೆಯದೂ ಈ ಕಾಯಿಲೆಯ ಒಂದು ಮುಖ್ಯ ಅಪಾಯವೆಂದು ಚೆನ್ನಾಗಿ ಮನವರಿಕೆಯಾದದ್ದು ಈಚಿನ ದಶಕಗಳಲ್ಲಿ.

ಇವರ ರಕ್ತ ಏಕೆ ಹೆಚ್ಚು ಹೆಪ್ಪುಗಟ್ಟುತ್ತದೆ? ಹತ್ತೊಂಬತ್ತನೆಯ ಶತಮಾನದ ಜರ್ಮನ್ ವೈದ್ಯ ರುಡಾಲ್ಫ್ ವಿರ್ಶೋ ಹೆಸರಿನಲ್ಲಿ ಮೂರು ಕಾರಣಗಳನ್ನು ವೈದ್ಯ ವಿದ್ಯಾರ್ಥಿಗಳು ಇಂದಿಗೂ ಬಾಯಿಪಾಠ ಮಾಡುತ್ತಾರೆ: ರಕ್ತದ ಹರಿವು ನಿಧಾನವಾಗುವುದು, ನಾಳದ ಗೋಡೆ ಕೆಡುವುದು, ರಕ್ತದ ಗುಣವೇ ಬದಲಾಗುವುದು. ಕುಡುಗೋಲು ಕಣದವರಲ್ಲಿ ಈ ಮೂರೂ ಒಟ್ಟಿಗೆ ಸೇರುತ್ತವೆ.

ಒಳಗೆ ನಡೆಯುವುದು ಹೀಗೆ. ಕೆಂಪು ಕಣದ ಹೊದಿಕೆ ಎರಡು ಪದರದ್ದು. ಫಾಸ್ಫಟೈಡಿಲ್ ಸೀರೀನ್ ಎಂಬ ಕೊಬ್ಬಿನ ಜಾತಿಯ ವಸ್ತು ಒಳಪದರದಲ್ಲೇ ಇರಬೇಕು. ಕಣ ಮತ್ತೆ ಮತ್ತೆ ಬಾಗಿ ನೆಟ್ಟಗಾಗುವಾಗ, ಅಂಗಿಯನ್ನು ಒಳಹೊರಗು ಮಾಡಿ ತೊಟ್ಟಂತೆ, ಅದು ಹೊರಗೆ ಬಂದುಬಿಡುತ್ತದೆ. ಹೊರಗೆ ಬಂದ ಅದು ಹೆಪ್ಪುಗಟ್ಟಿಸುವ ಪ್ರೋಟೀನುಗಳಿಗೆ ಜಗುಲಿ ಹಾಕಿಕೊಟ್ಟ ಹಾಗೆ. ಅವೆಲ್ಲ ಅಲ್ಲಿ ಬಂದು ಕೂತು ಕೆಲಸ ಶುರುಮಾಡುತ್ತವೆ. ಎರಡನೆಯದಾಗಿ, ಒಡೆದ ಕಣಗಳಿಂದ ಚೆಲ್ಲಿದ ಹೀಮೋಗ್ಲೋಬಿನ್, ನಾಳಗಳನ್ನು ಸಡಿಲವಾಗಿಡುವ ನೈಟ್ರಿಕ್ ಆಕ್ಸೈಡನ್ನು ಕಬಳಿಸುತ್ತದೆ. ನಾಳ ಬಿಗಿಯುತ್ತದೆ, ರಕ್ತದ ಪ್ಲೇಟ್‌ಲೆಟ್‌ಗಳು ಕೆರಳುತ್ತವೆ. ಮೂರನೆಯದಾಗಿ, ಹೆಪ್ಪುಗಟ್ಟುವಿಕೆಗೆ ಕಡಿವಾಣ ಹಾಕುವ ಪ್ರೋಟೀನ್ ಸಿ ಮತ್ತು ಪ್ರೋಟೀನ್ ಎಸ್ ಇವರಲ್ಲಿ ಸಾಮಾನ್ಯವಾಗಿ ಕಡಿಮೆ. ಕೆಟ್ಟ ಕಣಗಳನ್ನು ಸೋಸಿ ತೆಗೆಯಬೇಕಾದ ಗುಲ್ಮವೂ ಎಷ್ಟೋ ಮಂದಿಗೆ ಬಾಲ್ಯದಲ್ಲೇ ಸೊರಗಿ ಹೋಗಿರುತ್ತದೆ. ಹೀಗೆ ಬೆಂಕಿಗೆ ತುಪ್ಪ ಸುರಿಯುವವರೇ ಎಲ್ಲ, ನೀರು ಹಾಕುವವರಿಲ್ಲ.

ಇನ್ನು ಅಂಕಿಅಂಶ. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ೪೦೪ ವಯಸ್ಕ ರೋಗಿಗಳ ಬಗ್ಗೆ ೨೦೧೩ರಲ್ಲಿ ಪ್ರಕಟವಾದ ವರದಿಯಲ್ಲಿ ನಾಲ್ವರಲ್ಲಿ ಒಬ್ಬರಿಗೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ಇನ್ನೆಲ್ಲಾದರೋ ಅಭಿಧಮನಿಯ ಗರಣೆ ಆಗಿತ್ತು. ಮೊದಲ ಸಲ ಆದಾಗಿನ ವಯಸ್ಸು ಸುಮಾರು ೩೦. ಬೇರೆಯವರಲ್ಲಿ ಇದು ಹೆಚ್ಚಾಗಿ ವಯಸ್ಸಾದವರ ತೊಂದರೆ ಎಂಬುದನ್ನು ನೆನೆದರೆ ಈ ಸಂಖ್ಯೆಯ ಭಾರ ತಿಳಿಯುತ್ತದೆ. ಮರುವರ್ಷ ಬಂದ ಇನ್ನೊಂದು ಅಧ್ಯಯನ, ೧,೫೦೦ಕ್ಕೂ ಹೆಚ್ಚು ಮಂದಿಯ ಹಳೆಯ ದಾಖಲೆಗಳಿಂದ, ೪೦ ವಯಸ್ಸಾಗುವ ಹೊತ್ತಿಗೆ ನೂರಕ್ಕೆ ಸುಮಾರು ೧೧ ಮಂದಿಗೆ ಹೀಗಾಗುತ್ತದೆ ಎಂದು ಲೆಕ್ಕ ಹಾಕಿತು. ಆಸ್ಪತ್ರೆಯಲ್ಲಿ ಮಲಗಿರುವುದು, ಶಸ್ತ್ರಚಿಕಿತ್ಸೆ, ರಕ್ತ ಕೊಡಲು ದೊಡ್ಡ ನಾಳದಲ್ಲಿ ಇಟ್ಟ ಕೊಳವೆ, ಬಸಿರು ಬಾಣಂತನ, ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಗುಳಿಗೆ ಇವೆಲ್ಲ ಅಪಾಯವನ್ನು ಇನ್ನಷ್ಟು ಹೆಚ್ಚಿಸುತ್ತವೆ. ಕಾಯಿಲೆ ಇರುವ ಹೆಣ್ಣುಮಕ್ಕಳು ಅಂಥ ಗುಳಿಗೆಯ ಬದಲು ಬೇರೆ ಉಪಾಯವನ್ನು ವೈದ್ಯರಲ್ಲಿ ಕೇಳುವುದು ಮೇಲು.

ವಾಹಕರು ಇದನ್ನು ಓದಿ ಗಾಬರಿಯಾಗಬೇಕಾಗಿಲ್ಲ. ಶ್ವಾಸಕೋಶದ ಗರಣೆಯ ಅಪಾಯ ಅವರಲ್ಲಿ ಇತರರಿಗಿಂತ ಸುಮಾರು ಎರಡು ಪಟ್ಟು ಎಂದು ಅಧ್ಯಯನವೊಂದು ತಿಳಿಸಿದರೂ, ಮೂಲ ಅಪಾಯವೇ ಚಿಕ್ಕದು. ವೈದ್ಯರಿಗೆ ತಾವು ವಾಹಕರೆಂದು ತಿಳಿಸಿದ್ದರೆ ಸಾಕು.

ಕಷ್ಟ ಇರುವುದು ಗುರುತಿಸುವುದರಲ್ಲಿ. ನೋವು ಇವರಿಗೆ ಹಳೆಯ ನೆಂಟ. ಕಾಲು ನೋವೆಂದರೂ ಎದೆ ನೋವೆಂದರೂ 'ಮತ್ತೆ ಅದೇ' ಎಂದುಕೊಳ್ಳುವುದು ರೋಗಿಗೂ ಸುಲಭ, ವೈದ್ಯರಿಗೂ ಸುಲಭ. ಎದೆನೋವು, ಜ್ವರ, ಉಸಿರಾಟದ ತೊಂದರೆ ಒಟ್ಟಿಗೆ ಬರುವ ಎದೆಯ ಬಿಕ್ಕಟ್ಟೊಂದು ಈ ಕಾಯಿಲೆಯಲ್ಲಿ ಹೇಗೂ ಉಂಟು. ಅಂಥ ಬಿಕ್ಕಟ್ಟಿನಲ್ಲಿ ಬಂದವರಿಗೆ ಸ್ಕ್ಯಾನ್ ಮಾಡಿ ನೋಡಿದ ಫ್ರಾನ್ಸಿನ ವೈದ್ಯರು, ನೂರಕ್ಕೆ ೧೭ರಷ್ಟು ಸಂದರ್ಭಗಳಲ್ಲಿ ಶ್ವಾಸಕೋಶದ ನಾಳದಲ್ಲಿ ಗರಣೆ ಇದ್ದುದನ್ನು ೨೦೧೧ರಲ್ಲಿ ವರದಿ ಮಾಡಿದರು. ಗರಣೆಯ ಸುಳಿವಿಗಾಗಿ ಮಾಡುವ ಡಿ-ಡೈಮರ್ ಎಂಬ ರಕ್ತಪರೀಕ್ಷೆಯೂ ಇವರಲ್ಲಿ ಗರಣೆ ಇಲ್ಲದಿದ್ದಾಗಲೂ ಹೆಚ್ಚಾಗಿಯೇ ಇರುವುದರಿಂದ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಇದೆಲ್ಲದರ ಮೇಲೆ ಇನ್ನೊಂದು ನೋವಿನ ಮಾತು. ಬಲವಾದ ನೋವುಶಾಮಕ ಕೇಳಿದ ಕರಿಯ ರೋಗಿಯನ್ನು ಅಮಲಿಗಾಗಿ ಬಂದವರೆಂದು ಸಂಶಯಿಸುವುದು ಈ ದೇಶದಲ್ಲಿ ಅಪರೂಪವಲ್ಲ. "ನೋವನ್ನು ತಡೆಯಬಲ್ಲೆ, ನಂಬದಿರುವುದನ್ನು ತಡೆಯಲಾರೆ" ಎಂದು ನಮ್ಮ ಸಹೋದ್ಯೋಗಿ ಹೇಳಿದ್ದು ನಮಗೆ ಈ ಲೇಖನ ಬರೆಯಲು ಸಾಕಾಯಿತು.

ಆದ್ದರಿಂದ ಈ ಲಕ್ಷಣಗಳನ್ನು ನೆನಪಿಡಬೇಕು: ಒಂದೇ ಕಾಲು ಊದಿಕೊಂಡು ಬಿಸಿಯಾಗಿ ನೋಯುವುದು, ಇದ್ದಕ್ಕಿದ್ದಂತೆ ಏದುಸಿರು, ಉಸಿರೆಳೆದಾಗ ಹೆಚ್ಚುವ ಎದೆನೋವು, ಕೆಮ್ಮಿದರೆ ರಕ್ತ, ತಲೆ ಸುತ್ತಿ ಬೀಳುವುದು. ಇವುಗಳಲ್ಲಿ ಒಂದು ಕಂಡರೂ ಕಾಯಬಾರದು. "ಇದು ನನ್ನ ಎಂದಿನ ನೋವಲ್ಲ, ಗರಣೆ ಇದೆಯೇ ನೋಡಿ" ಎಂದು ಬಾಯಿಬಿಟ್ಟು ಹೇಳಬೇಕು. ಜೊತೆಗೆ ಹೋದವರೂ ಹೇಳಬೇಕು.

ಚಿಕಿತ್ಸೆಗೆ ಮದ್ದುಗಳಿವೆ. ಅವುಗಳಲ್ಲಿ ಒಂದರ ಹುಟ್ಟು ಪಕ್ಕದ ವಿಸ್ಕಾನ್ಸಿನ್ ರಾಜ್ಯದ್ದು. ೧೯೩೩ರ ಫೆಬ್ರವರಿಯ ಹಿಮದಲ್ಲಿ ರೈತನೊಬ್ಬ ಸತ್ತ ಹಸುವನ್ನೂ, ಒಂದು ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತವನ್ನೂ ತಂದು ಮ್ಯಾಡಿಸನ್ ವಿಶ್ವವಿದ್ಯಾನಿಲಯದ ರಸಾಯನಜ್ಞ ಕಾರ್ಲ್ ಪಾಲ್ ಲಿಂಕ್ ಅವರ ಬಾಗಿಲಲ್ಲಿ ಇಟ್ಟ. ಹಸುಗಳು ಸಿಹಿ ಕ್ಲೋವರ್ ಎಂಬ ಸೊಪ್ಪಿನ ಬೂಸ್ಟು ಹಿಡಿದ ಹುಲ್ಲು ತಿಂದಿದ್ದವು. ಅದರಲ್ಲಿದ್ದ ವಸ್ತುವನ್ನು ಬಿಡಿಸಿ ತೆಗೆಯಲು ಆರು ವರ್ಷ ಹಿಡಿಯಿತು. ಅದರ ಸಂತತಿಯೇ ವಾರ್ಫರಿನ್. ಮೊದಲು ೧೯೪೮ರಲ್ಲಿ ಇಲಿ ಪಾಷಾಣವಾಗಿ, ೧೯೫೪ರಿಂದ ಮನುಷ್ಯರಿಗೆ ಮದ್ದಾಗಿ ಬಂತು. ಈಗ ಹೆಪಾರಿನ್ ಜಾತಿಯ ಚುಚ್ಚುಮದ್ದು, ಅಪಿಕ್ಸಬಾನ್, ರಿವರಾಕ್ಸಬಾನ್‌ನಂಥ ಗುಳಿಗೆಗಳು ಹೆಚ್ಚು ಬಳಕೆಯಲ್ಲಿವೆ. ಕಾರಣ ಗೊತ್ತಿರುವ ಗರಣೆಯಾದರೆ ಕೆಲವು ತಿಂಗಳು, ಕಾರಣವಿಲ್ಲದೆ ಬಂದದ್ದಾದರೆ ಬಹುಕಾಲ ತೆಗೆದುಕೊಳ್ಳಬೇಕಾಗುತ್ತದೆ.

ಹಾಗಾದರೆ ಈ ಕಾಯಿಲೆಯವರೆಲ್ಲ ಮೊದಲೇ ಇಂಥ ಗುಳಿಗೆ ನುಂಗಿಬಿಟ್ಟರೆ ಆಗದೇ ಎಂದು ಕೇಳಬಹುದು. ಆಗದು. ಇವರಲ್ಲಿ ರಕ್ತಸ್ರಾವದ ಅಪಾಯವೂ ಉಂಟು. ಮಿದುಳಿನ, ಕಣ್ಣಿನ ನಾಳಗಳು ಸೊರಗಿರುತ್ತವೆ. ಪ್ಲೇಟ್‌ಲೆಟ್‌ಗಳನ್ನು ಸುಮ್ಮನಿರಿಸುವ ಪ್ರಾಸುಗ್ರೆಲ್ ಎಂಬ ಮದ್ದನ್ನು ಮಕ್ಕಳಿಗೆ ಕೊಟ್ಟು ನೋಡಿದ ಪರೀಕ್ಷೆಯಲ್ಲಿ ನೋವಿನ ಬಿಕ್ಕಟ್ಟುಗಳು ಗಣನೀಯವಾಗಿ ಕಡಿಮೆಯಾಗಲಿಲ್ಲ. ಆದ್ದರಿಂದ ಮನೆಯ ಕಪಾಟಿನ ಆಸ್ಪಿರಿನ್ನನ್ನು ಸ್ವಂತ ಬುದ್ಧಿಯಿಂದ ನುಂಗಬಾರದು.

ಮೂಲ ಕಾಯಿಲೆಯನ್ನು ಹದ್ದಿನಲ್ಲಿಡಲು ಹೈಡ್ರಾಕ್ಸಿಯೂರಿಯಾ ಇದೆ. ೧೮೬೯ರಲ್ಲಿ ಜರ್ಮನಿಯಲ್ಲಿ ಮೊದಲು ತಯಾರಾದ ಈ ಸಣ್ಣ ಅಣು ೧೯೯೮ರಲ್ಲಿ ಇಲ್ಲಿ ಈ ಕಾಯಿಲೆಗೆ ಮಂಜೂರಾಯಿತು. ಕೂಸಿನ ಕಾಲದ ಹೀಮೋಗ್ಲೋಬಿನ್ನನ್ನು ಮತ್ತೆ ಹೆಚ್ಚಿಸಿ ಕಣಗಳು ಬಾಗದಂತೆ ನೋಡಿಕೊಳ್ಳುತ್ತದೆ. ೨೦೨೩ರ ಡಿಸೆಂಬರಿನಲ್ಲಿ ಎರಡು ಜೀನ್ ಚಿಕಿತ್ಸೆಗಳಿಗೂ ಅನುಮತಿ ದೊರೆಯಿತು. ಬೆಲೆ ಮಾತ್ರ ಒಂದಕ್ಕೆ ೨೨ ಲಕ್ಷ ಡಾಲರ್, ಇನ್ನೊಂದಕ್ಕೆ ೩೧ ಲಕ್ಷ ಡಾಲರ್! ಹೈಡ್ರಾಕ್ಸಿಯೂರಿಯಾ ಮಾತ್ರ ಅಗ್ಗ.

ಈಗ ನಮ್ಮ ಮಿತ್ರರ ಪ್ರಶ್ನೆಗೆ ಬರೋಣ: ನಮ್ಮವರಿಗೇಕೆ ಇದರ ಗೊಡವೆ? ೧೯೫೨ರಲ್ಲಿ ಹರ್ಮನ್ ಲೆಹ್ಮನ್ ಮತ್ತು ಮೇರಿ ಕಟ್‌ಬುಶ್ ಎಂಬ ವಿಜ್ಞಾನಿಗಳು ನೀಲಗಿರಿಯ ಬುಡಕಟ್ಟು ಜನರಲ್ಲಿ ಈ ಕಣಗಳನ್ನು ಕಂಡರು. ನೀಲಗಿರಿಯ ಕಾಡು ನಮ್ಮ ಚಾಮರಾಜನಗರ, ಮೈಸೂರು, ಕೊಡಗಿನ ಕಾಡುಗಳಿಗೆ ಹೊಂದಿಕೊಂಡದ್ದು. ಸೋಲಿಗರು, ಜೇನುಕುರುಬರು, ಬೆಟ್ಟಕುರುಬರು, ಯರವರಲ್ಲಿ ಈ ಕಾಯಿಲೆ ಇದೆ. ಡಾ. ಹೆಚ್. ಸುದರ್ಶನ್ ೧೯೮೧ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ತೆರೆದ ಬಿಳಿಗಿರಿರಂಗನ ಬೆಟ್ಟ ಸೋಲಿಗರದೇ ನಾಡು. ನಾವು ಚಿಕ್ಕಂದಿನಲ್ಲಿ ರಂಗನಾಥಸ್ವಾಮಿಯ ದರ್ಶನಕ್ಕೆ ಹೋಗಿ, ಜೇನು ಕೊಂಡು ತಂದದ್ದೂ ಅಲ್ಲಿಂದಲೇ. ಜೇನು ಕೊಟ್ಟವರ ರಕ್ತದ ಸುದ್ದಿ ನಮಗೆ ತಿಳಿಯಲು ಅಮೆರಿಕಾಕ್ಕೆ ಬರಬೇಕಾಯಿತು. ಭಾರತದಲ್ಲಿ ಹೆಚ್ಚಾಗಿ ಕಾಣುವ ಬಗೆಯಲ್ಲಿ ಕೂಸಿನ ಹೀಮೋಗ್ಲೋಬಿನ್ ಸ್ವಲ್ಪ ಹೆಚ್ಚು ಉಳಿಯುವುದರಿಂದ ಎಷ್ಟೋ ಮಂದಿಗೆ ಕಾಯಿಲೆ ಮೆದುವಾಗಿರುತ್ತದೆ. ಎಲ್ಲರಿಗೂ ಅಲ್ಲ. ಭಾರತ ಸರಕಾರ ೨೦೨೩ರ ಜುಲೈ ೧ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ಆರಂಭಿಸಿ, ೭ ಕೋಟಿ ಜನರನ್ನು ಪರೀಕ್ಷಿಸುವ ಗುರಿ ಇಟ್ಟುಕೊಂಡಿತು. ಅದರಲ್ಲಿ ಕರ್ನಾಟಕವೂ ಸೇರಿದೆ.

ಇನ್ನೊಂದು ಕಾರಣ ನಮ್ಮ ಮನೆಯೊಳಗೇ ಇದೆ. ಭಾರತೀಯರಲ್ಲಿ ಬೀಟಾ ಥಲಸೀಮಿಯಾದ ವಾಹಕರು ನೂರಕ್ಕೆ ಮೂರು ನಾಲ್ಕು ಮಂದಿ ಇದ್ದಾರೆ. ಬಹುಮಂದಿಗೆ ತಾವು ವಾಹಕರೆಂದೇ ತಿಳಿಯದು. ಇಲ್ಲಿ ಬೆಳೆದ ನಮ್ಮ ಮಕ್ಕಳು ನಾಳೆ ಯಾರನ್ನು ಮೆಚ್ಚಿ ಮದುವೆಯಾಗುತ್ತಾರೋ ಬಲ್ಲವರಾರು? ಒಬ್ಬರು ಥಲಸೀಮಿಯಾದ ವಾಹಕರು, ಇನ್ನೊಬ್ಬರು ಕುಡುಗೋಲು ಕಣದ ವಾಹಕರಾದರೆ, ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಕುಡುಗೋಲು ಕಣದ ಕಾಯಿಲೆಯೇ ಬರುವ ಸಂಭವವುಂಟು. ಜಾತಕ ನೋಡುವುದು ಬಿಡುವುದು ಅವರವರ ಇಷ್ಟ. ಈ ರಕ್ತಪರೀಕ್ಷೆಯನ್ನು ಮಾತ್ರ ಮಾಡಿಸಿಕೊಳ್ಳುವುದು ಜಾಣತನ. ೨೦೦೬ರ ಹೊತ್ತಿಗೆ ಈ ದೇಶದ ಎಲ್ಲ ರಾಜ್ಯಗಳಲ್ಲೂ ಹುಟ್ಟಿದ ಕೂಸುಗಳಿಗೆ ಕುಡುಗೋಲು ಕಣದ ಪರೀಕ್ಷೆ ಜಾರಿಗೆ ಬಂದಿತ್ತು. ನಿಮ್ಮ ಮಗುವಿನ ವರದಿ ಮಕ್ಕಳ ವೈದ್ಯರಲ್ಲಿ ಇದ್ದೀತು, ಕೇಳಿ ನೋಡಿ.

ಕೊನೆಯದಾಗಿ ರಕ್ತದಾನ. ಈ ಕಾಯಿಲೆಯವರಲ್ಲಿ ಅನೇಕರಿಗೆ ಮೇಲಿಂದ ಮೇಲೆ ರಕ್ತ ಬೇಕು. ಮಲೇರಿಯಾ ಇರುವ ಪ್ರದೇಶಕ್ಕೆ ಹೋಗಿ ಬಂದವರು ಕೆಲವು ತಿಂಗಳು ಕಾಯಬೇಕಾಗುತ್ತದೆ. ಊರಿಗೆ ಹೋಗಿ ಬಂದವರು ಮೊದಲೇ ವಿಚಾರಿಸಿ ಹೋಗುವುದು ಒಳ್ಳೆಯದು. ವಿಚಿತ್ರವೆಂದರೆ ಈ ಜೀನ್ ಲೋಕದಲ್ಲಿ ಉಳಿದು ಬಂದದ್ದೂ ಮಲೇರಿಯಾದಿಂದಲೇ. ವಾಹಕರಿಗೆ ಮಲೇರಿಯಾದಿಂದ ರಕ್ಷಣೆ ಇದೆ ಎಂದು ೧೯೫೪ರಲ್ಲಿ ಆಂಟನಿ ಆಲಿಸನ್ ತೋರಿಸಿದರು. ಅಜ್ಜ ಅಜ್ಜಿಯರನ್ನು ಕಾಯ್ದ ಜೀನೇ ಮೊಮ್ಮಕ್ಕಳನ್ನು ಕಾಡುತ್ತಿದೆ.

ನಮ್ಮ ಸಹೋದ್ಯೋಗಿ ಈಗ ದಿನಕ್ಕೆರಡು ಗುಳಿಗೆ ತೆಗೆದುಕೊಂಡು ಕೆಲಸಕ್ಕೆ ಬರುತ್ತಿದ್ದಾರೆ. ಮೊನ್ನೆ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಗಟ್ಟಿ ಮೊಸರನ್ನು ನೋಡಿ ಇದು ಹೇಗಾಯಿತೆಂದು ಕೇಳಿದರು. ಹೆಪ್ಪು ಎಂಬ ಮಾತನ್ನು ವಿವರಿಸಿ, ಹಾಲಿಗೂ ರಕ್ತಕ್ಕೂ ನಮ್ಮ ಭಾಷೆಯಲ್ಲಿ ಅದೇ ಮಾತು ಎಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಲಿಗೆ ನೀವು ಬೆಳಗಿನ ತನಕ ಕಾಯಬಹುದು" ಎಂದರು. ಮುಂದಿನ ಮಾತನ್ನು ಅವರು ಆಡಲಿಲ್ಲ. ನಮಗೆ ಅರ್ಥವಾಯಿತು.